ವಂಶಾವಳಿಗೆ ಮೂರು ನಕಲು

ಬೆಳಿಗ್ಗೆ ಎಂಟು ಗಂಟೆಗೆ ತುರ್ದಕುನನ ಕಂಪ್ಯೂಟರು ಬಿಕ್ಕಳಿಸಿತು.

ಪಕ್ಕದ ಮನೆಯ ಕೋಳಿಗೆ ಏನೋ ಆಗಿರಬೇಕೆಂದು ಅವನು ಎದ್ದು ಕಿಟಕಿ ಮುಚ್ಚಿದ. ಮುಚ್ಚಿದ ಮೇಲೂ ‘ಟಕ್, ಟಕ್, ಕರ್ರ್’ ಎಂಬ ಸದ್ದು ಮೇಜಿನ ಕೆಳಗಿನಿಂದ ಬರುತ್ತಲೇ ಇತ್ತು. ಬಗ್ಗಿ ನೋಡಿ, ಡಬ್ಬಿಯ ಪಕ್ಕೆಗೆ ಮೆಲ್ಲಗೆ ಎರಡು ತಟ್ಟಿದ. ಸದ್ದು ನಿಂತಿತು. ಅದರ ಜೊತೆಗೆ ಪರದೆಯೂ ಕಪ್ಪಾಯಿತು. ಆಮೇಲೆ ಎಷ್ಟು ತಟ್ಟಿದರೂ, ಬೇಡಿಕೊಂಡರೂ, ತಂತಿ ಕಿತ್ತು ಮತ್ತೆ ಸಿಕ್ಕಿಸಿದರೂ ಅದು ಕಣ್ಣು ಬಿಡಲಿಲ್ಲ.

ತುರ್ದಕುನ ನರಿನ್ ಪಟ್ಟಣದ ನೀರಿನ ಕಚೇರಿಯಲ್ಲಿ ಮೀಟರ್ ಓದುವವನು. ವಯಸ್ಸು ಐವತ್ತಮೂರು. ಅವನು ಬದುಕಿನಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ ಒಂದೇ, ಅದು ಆ ಡಬ್ಬಿಯೊಳಗಿತ್ತು: ಅವನ ಕುಲದ ವಂಶಾವಳಿ. ಹದಿನಾಲ್ಕು ತಲೆಮಾರು, ಎರಡು ಸಾವಿರದ ಮುನ್ನೂರ ಹನ್ನೊಂದು ಹೆಸರು, ಒಂದೊಂದು ಹೆಸರಿಗೂ ಒಂದೊಂದು ಕತೆ. ಕಾಲ್ಚಾ ತಾತ ಎಂಬ ಹಿರಿಯರು ಅದನ್ನೆಲ್ಲ ಬಾಯಿಪಾಠ ಹೇಳುತ್ತಿದ್ದರು. ಆರು ಚಳಿಗಾಲ ಅವರ ಎದುರು ಕೂತು ತುರ್ದಕುನ ಎರಡೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಇಳಿಸಿಕೊಂಡಿದ್ದ. ಹೋದ ವರ್ಷ ಕಾಲ್ಚಾ ತಾತ ತೀರಿಕೊಂಡರು. ತನ್ನ ಹಿಂದಿನ ಏಳು ತಲೆಮಾರಿನ ತಂದೆಯರ ಹೆಸರು ಹೇಳಲಾರದವನನ್ನು ದಿಕ್ಕಿಲ್ಲದವನೆಂದು ಬೈಯುವ ಊರು ಅದು. ಹಾಗಿರುವಾಗ ಆ ಕುಲದ ಹದಿನಾಲ್ಕು ತಲೆಮಾರೂ ಒಂದು ತಗಡಿನ ಡಬ್ಬಿಯಲ್ಲಿ ಉಳಿದಿತ್ತು.

ಅಂದು ಮಧ್ಯಾಹ್ನ ಒಂದು ಗಂಟೆಗೆ ಕುಲದವರೆಲ್ಲ ಹಿರಿಯ ಶಂಬೆತ್ ತಾತನ ಅಂಗಳದ ಉಣ್ಣೆಗುಡಾರದಲ್ಲಿ ಸೇರುವವರಿದ್ದರು. ತುರ್ದಕುನ ವಂಶಾವಳಿಯನ್ನು ಓದಬೇಕು, ಹಿರಿಯರು ಹರಸಬೇಕು, ಪುಸ್ತಕ ಅಚ್ಚಿಗೆ ಹೋಗಬೇಕು. ಆಮೇಲೆ ಊಟ. ನಿಜ ಹೇಳಬೇಕೆಂದರೆ ತುರ್ದಕುನನ ಕಣ್ಣು ಇದ್ದದ್ದು ಆ ಊಟದ ಮೇಲೆ.

ಹಾಗೆಂದು ಅವನನ್ನು ಹೊಟ್ಟೆಬಾಕ ಎನ್ನಬೇಡಿ. ಆ ಊರಿನಲ್ಲಿ ಕುರಿಯ ಯಾವ ಎಲುಬು ಯಾರ ತಟ್ಟೆಗೆ ಬೀಳುತ್ತದೆ ಎಂಬುದರಲ್ಲೇ ಮನುಷ್ಯನ ಬೆಲೆ ಗೊತ್ತಾಗುವುದು. ಮರ್ಯಾದಸ್ಥರಿಗೆ ಸೊಂಟದೆಲುಬು. ತುರ್ದಕುನನಿಗೆ ಮದುವೆಯಾದಂದಿನಿಂದ ಇಪ್ಪತ್ತೊಂಬತ್ತು ವರ್ಷ ಬಂದದ್ದು ಮುಂಗಾಲಿನ ಎಲುಬು. ಅವನ ಕಣ್ಣೆದುರು ಮೂಗು ಸುರಿಸಿಕೊಂಡು ಓಡಾಡುತ್ತಿದ್ದವರೆಲ್ಲ ಬೆಳೆದು ಬೆನ್ನೆಲುಬು, ಪಕ್ಕೆಲುಬು ದಾಟಿ ಮೇಲೆ ಹೋದರು. ಅವನು ಮಾತ್ರ ಮುಂಗಾಲನ್ನೇ ಹಿಡಿದುಕೊಂಡು ಕೂತಿದ್ದ. ಈ ಸಲ ಶಂಬೆತ್ ತಾತ ಎಲ್ಲರೆದುರು ಬಾಯಿಬಿಟ್ಟು ಹೇಳಿದ್ದರು: ವಂಶಾವಳಿ ಓದುವವನಿಗೆ ಸೊಂಟದೆಲುಬು.

ಮೊದಲೇ ಅಚ್ಚು ಹಾಕಿಸಿಡಬಾರದಿತ್ತೇ ಎಂದು ನೀವು ಕೇಳಬಹುದು. ಅಚ್ಚು ಹಾಕಿಸೋಣವೆಂದು ಹೊರಟಾಗಲೆಲ್ಲ ಕುಲದಲ್ಲಿ ಒಂದು ಮಗು ಹುಟ್ಟುತ್ತಿತ್ತು. ಆ ಮಗುವನ್ನು ಬಿಟ್ಟು ಅಚ್ಚು ಹಾಕಿಸಿದರೆ ಅದರ ಅಜ್ಜಿ ಸುಮ್ಮನಿರುತ್ತಾಳೆಯೇ? ಹೀಗೆ ದಿನ ಮುಂದೆ ಹೋಗಿ ಹೋಗಿ ಕೊನೆಯ ದಿನವೇ ಬಂದಿತ್ತು.

ತುರ್ದಕುನ ಡಬ್ಬಿಯನ್ನು ಹೊದಿಕೆಯಲ್ಲಿ ಸುತ್ತಿ ಎದೆಗವಚಿಕೊಂಡು ಸಂತೆ ಬಾಗಿಲಲ್ಲಿದ್ದ ಎಮಿಲನ ರಿಪೇರಿ ಅಂಗಡಿಗೆ ಓಡಿದ. ಎಮಿಲ ಅದನ್ನು ಬಿಚ್ಚಿ, ಕಿವಿಯಿಟ್ಟು ಕೇಳಿ, ಸ್ಕ್ರೂಡ್ರೈವರನ್ನು ಕೆಳಗಿಟ್ಟ.

“ಬೈಕೆ,” ಎಂದ, ಅಲ್ಲಿ ಅಣ್ಣನಂಥವರನ್ನು ಕರೆಯುವ ಹಾಗೆ. “ಇದು ಹೋಯ್ತು.”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ. ಕಾಲ್ಚಾ ತಾತನ ಹತ್ರ.”

ತುರ್ದಕುನ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದ. ಎಮಿಲ ಅವನ ಬೆನ್ನು ಸವರಿದ. “ಯಾಕೆ ಹೆದರ್ತೀರ? ನಕಲು ಮಾಡಿಟ್ಟಿದ್ದೀವಲ್ಲ. ಮರೆತುಹೋಯ್ತಾ?”

ಹೌದು, ಗಾಬರಿಯಲ್ಲಿ ಮರೆತೇ ಹೋಗಿತ್ತು. ವಸಂತದಲ್ಲಿ ಎಮಿಲನೇ ಕೂರಿಸಿಕೊಂಡು ಬುದ್ಧಿ ಹೇಳಿದ್ದ. ಯಂತ್ರ ಯಾವತ್ತಿದ್ದರೂ ಕೈಕೊಡುತ್ತದೆ. ಮೂರು ನಕಲು ಇರಬೇಕು, ಮೂರೂ ಒಂದೇ ಕಡೆ ಇರಬಾರದು, ಮನೆಗೆ ಬೆಂಕಿ ಬಿದ್ದರೂ ಉಳಿಯುವಂತೆ ಹೊರಗಿರಬೇಕು. ಬೇಕಾದರೆ ಇಂಟರ್ನೆಟ್ಟಿನಲ್ಲಿ ಇಟ್ಟುಬಿಡುತ್ತೇನೆ, ಯಾವ ತಲೆನೋವೂ ಇಲ್ಲ ಎಂದೂ ಹೇಳಿದ್ದ.

“ಇಂಟರ್ನೆಟ್ಟಲ್ಲಿ ಅಂದ್ರೆ ಯಾರ ಮನೇಲಿ?” ಎಂದು ತುರ್ದಕುನ ಕೇಳಿದ್ದ.

“ಯಾರ ಮನೇಲೂ ಅಲ್ಲ. ದೂರದ ದೇಶದಲ್ಲಿ ದೊಡ್ಡ ದೊಡ್ಡ ಯಂತ್ರಗಳಿರ್ತವೆ.”

“ಅವರ ತಂದೆ ಯಾರು, ತಾತ ಯಾರು?”

“ಯಂತ್ರಕ್ಕಾ?”

“ಅದನ್ನ ಇಟ್ಟುಕೊಂಡಿರೋರಿಗೆ. ನಮ್ಮ ಹದಿನಾಲ್ಕು ತಲೆಮಾರನ್ನ ಕುಲಗೋತ್ರ ಗೊತ್ತಿಲ್ಲದವನ ಮನೇಲಿ ಬಿಟ್ಟು ಬರೋಕಾಗತ್ತೇನೋ? ನಂಬೋದಾದ್ರೆ ಬಂಧುಗಳನ್ನ ನಂಬಬೇಕು.”

ಹಾಗೆ ಮೂರು ಪೆನ್‌ಡ್ರೈವುಗಳು ಮೂವರು ಬಂಧುಗಳ ಮನೆ ಸೇರಿದ್ದವು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಮುಂದಿನ ಮೂರು ಮದುವೆಗಳಲ್ಲಿ ಮಾತಿರುವುದಿಲ್ಲ. ಆದ್ದರಿಂದ ದೊಡ್ಡ ಮನೆತನಕ್ಕೊಂದು ಎಂದು ಶಂಬೆತ್ ತಾತನಿಗೆ, ನಡುವಿನ ಮನೆತನದಲ್ಲಿ ಒಳಜಗಳ ಇದ್ದುದರಿಂದ ಅಲ್ಲಿಗೆ ಎರಡು: ಟ್ಯಾಕ್ಸಿ ಓಡಿಸುವ ಅಸನಾಲಿಗೊಂದು, ಸಂತೆಯಲ್ಲಿ ಸಮೋಸ ಮಾರುವ ಜೂರಕಾನ್ ಎಜೆಗೊಂದು, ಎಂದರೆ ಜೂರಕಾನ್ ಅಕ್ಕನಿಗೊಂದು. ಕಿರಿ ಮನೆತನ ತುರ್ದಕುನನದೇ. ಯಾರಿಗೂ ಬೇಸರವಾಗದಂತೆ ಎಲ್ಲ ಅಚ್ಚುಕಟ್ಟಾಗಿತ್ತು.

“ಯಾವುದಾದರೂ ಒಂದು ತಗೊಂಡು ಬನ್ನಿ,” ಎಂದ ಎಮಿಲ. “ಅರ್ಧ ಗಂಟೇಲಿ ಅಚ್ಚು ತೆಗೆದುಕೊಡ್ತೀನಿ. ಅಂದಹಾಗೆ, ಯಾರೂ ತಿದ್ದದ ಹಾಗೆ ಫೈಲಿಗೆ ಬೀಗ ಹಾಕಿ ಅಂದಿದ್ನಲ್ಲ, ಹಾಕಿದ್ರಿ ತಾನೆ?”

“ಬಂಧುಗಳಿಗೆ ಬೀಗ ಹಾಕ್ತಾರೇನೋ? ನಾಳೆ ಅವರ ಮುಖ ನೋಡೋದು ಬೇಡವಾ?”

ಎಮಿಲ ಸ್ಕ್ರೂಗಳನ್ನು ಆರಿಸತೊಡಗಿದ.

ಟ್ಯಾಕ್ಸಿ ನಿಲ್ದಾಣದಲ್ಲಿ ಅಸನಾಲಿ ಕಾರಿನ ಬಾನೆಟ್ಟಿನ ಮೇಲೆ ಸೂರ್ಯಕಾಂತಿ ಬೀಜ ಬಿಡಿಸುತ್ತ ಕೂತಿದ್ದ. ತುರ್ದಕುನನನ್ನು ಕಂಡು ಇಳಿದು ಬಂದು ಎರಡೂ ಕೈಯಲ್ಲಿ ಕೈ ಕುಲುಕಿದ.

“ನಕಲಾ? ಭದ್ರವಾಗಿದೆ ಬೈಕೆ. ಫೋನಲ್ಲೂ ಹಾಕ್ಕೊಂಡಿದೀನಿ. ಕಣಿವೆ ದಾಟೋವಾಗ ಪ್ರಯಾಣಿಕರಿಗೆ ಓದಿ ಹೇಳ್ತೀನಿ. ನಮ್ಮ ತಾತನ ಭಾಗ ಬಂದಾಗ ಒಬ್ಬ ಹೆಂಗಸು ಅತ್ತೇಬಿಟ್ಳು.”

“ಚೊಕೊಯ್ ತಾತನ ಭಾಗಕ್ಕಾ? ಅದರಲ್ಲಿ ಅಳೋದೇನಿದೆ?” ಎಂದು ತುರ್ದಕುನನಿಗೆ ಸೋಜಿಗವಾಯಿತು. ಕಾಲ್ಚಾ ತಾತ ಹೇಳಿ ಬರೆಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು: ‘ಚೊಕೊಯ್. ಮೂರು ಸಲ ಕುದುರೆ ಕದ್ದ. ಎರಡು ಸಲ ಸಿಕ್ಕಿಬಿದ್ದ.’

ಅಸನಾಲಿ ಫೋನು ತೆಗೆದು ಗಂಟಲು ಸರಿಮಾಡಿಕೊಂಡು ಓದಿದ. “ಚೊಕೊಯ್. ಹೆಸರಾಂತ ನ್ಯಾಯಾಧೀಶರು. ಕಳುವಾದ ಕುದುರೆಗಳನ್ನು ಪತ್ತೆಹಚ್ಚಿ, ಕಣ್ಣೀರಿಡುತ್ತಿದ್ದ ವಿಧವೆಯರಿಗೆ ಹಿಂತಿರುಗಿಸಿದರು.”

“ಅಸನಾಲಿ, ಇದನ್ನ ಯಾರು ಬರೆದದ್ದು?”

“ಫೋಟೋ ಅಂಗಡಿ ಹುಡುಗಿ ಕೈಲಿ ಸ್ವಲ್ಪ ಸರಿ ಮಾಡಿಸಿದೆ. ಕಾಲ್ಚಾ ತಾತನಿಗೆ ವಯಸ್ಸಾಗಿತ್ತಲ್ಲ ಬೈಕೆ. ಕುದುರೆ ಕತೆ ಅಂತ ನೆನಪಿತ್ತು, ಕದ್ದದ್ದೋ ಕೊಟ್ಟದ್ದೋ ಅನ್ನೋದು ಮರೆತಿತ್ತು.”

“ಹಾಗಾದ್ರೆ ಕುದುರೆ ಕದ್ದವರು ಯಾರು?”

“ಯಾರಾದ್ರೂ ಕದ್ದಿರಲೇಬೇಕು, ಅದು ನಂಗೂ ಗೊತ್ತು. ಅದಕ್ಕೆ ಶಂಬೆತ್ ತಾತನ ಅಪ್ಪನ ಹೆಸರಿಗೆ ಬರೆಸಿದೀನಿ. ಅವರ ಮನೇಲಿ ಬರೀ ಒಳ್ಳೆಯವರೇ ತುಂಬ್ಕೊಂಡಿದ್ರು. ಒಬ್ಬ ಕಳ್ಳ ಇದ್ರೆ ದೃಷ್ಟಿಯಾಗಲ್ಲ.”

ಶಂಬೆತ್ ತಾತನ ಗುಡಾರದಲ್ಲಿ, ಶಂಬೆತ್ ತಾತನ ಕುರಿ ತಿನ್ನುತ್ತ, ಶಂಬೆತ್ ತಾತನ ಅಪ್ಪ ಕುದುರೆಗಳ್ಳನೆಂದು ಓದುವುದನ್ನು ತುರ್ದಕುನ ಒಂದು ಕ್ಷಣ ಊಹಿಸಿಕೊಂಡ. ಸೊಂಟದೆಲುಬು ತಟ್ಟೆಗೆ ಬೀಳುವುದಿಲ್ಲ, ತಲೆಗೆ ಬೀಳುತ್ತದೆ ಎನ್ನಿಸಿತು. ಅಸನಾಲಿ ಪೆನ್‌ಡ್ರೈವನ್ನು ಅವನ ಜೇಬಿಗೆ ತುರುಕಿ, “ಇದನ್ನೇ ಓದಬೇಕು. ಬೇರೆ ಏನಾದ್ರೂ ಓದಿದ್ರೆ ನನ್ನ ಕಾರಿಗೆ ಕೈ ಅಡ್ಡ ಹಾಕಬೇಡಿ,” ಎಂದು ಪ್ರೀತಿಯಿಂದ ಎಚ್ಚರಿಸಿ, ಜೂರಕಾನ್ ಎಜೆಯ ಮನೆಯವರೆಗೆ ತಾನೇ ಬಿಟ್ಟ. ಹೊರಗೆ ಕಾಯುತ್ತೇನೆಂದೂ ಹೇಳಿದ.

ಜೂರಕಾನ್ ಎಜೆ ಈ ಕುಲದಲ್ಲೇ ಹುಟ್ಟಿದ ಮಗಳು. ಅರವತ್ತರ ಹೆಂಗಸು, ಬಿಸಿ ಒಲೆಯೊಳಕ್ಕೆ ಬರಿಗೈ ಹಾಕಿ ಸಮೋಸ ತೆಗೆಯುವವಳು. ಪೆನ್‌ಡ್ರೈವನ್ನು ಅವಳು ತವರಿನ ಪೆಟ್ಟಿಗೆಯಲ್ಲಿಟ್ಟು, ಅದರ ಮೇಲೆ ಹನ್ನೊಂದು ರಜಾಯಿ ಪೇರಿಸಿದ್ದಳು. ಇದಕ್ಕಿಂತ ಭದ್ರವಾದ ಜಾಗ ಬ್ಯಾಂಕಿನಲ್ಲೂ ಇರಲಾರದು. ಹನ್ನೊಂದನ್ನೂ ತುರ್ದಕುನನೇ ಇಳಿಸಬೇಕಾಯಿತು.

“ಕೊಟ್ಟಾಗ ಹೇಗಿತ್ತೋ ಹಾಗೇ ಇದೆ,” ಎಂದಳು ಎಜೆ. “ಹೆಣ್ಣುಮಕ್ಕಳ ಹೆಸರು ಸೇರಿಸಿದೆ. ಹೆರೋದು ನಾವು, ಪಟ್ಟೀಲಿರೋದು ನೀವು ಅಂದ್ರೆ ಹೇಗೆ?”

ತುರ್ದಕುನನಿಗೆ ಅದು ನ್ಯಾಯವಾಗಿಯೇ ಕಂಡಿತು. ಮೂರು ದಿನ ಮೊದಲು ಹೇಳಿದ್ದರೆ ತಾನೇ ಸೇರಿಸುತ್ತಿದ್ದೆ ಎಂದುಕೊಂಡ. ಅವನ ಮುಖ ಅರಳಿತು.

“ಮತ್ತೆ ಸ್ವಲ್ಪ ಕಸ ತೆಗೆದೆ,” ಎಂದಳು ಎಜೆ.

ಅರಳಿದ ಮುಖ ಹಾಗೆಯೇ ನಿಂತಿತು. “ಯಾವ ಕಸ ಎಜೆ?”

“ನಮ್ಮ ಮುತ್ತಾತನಿಗೆ ಎರಡನೇ ಹೆಂಡತಿ ಅಂತ ಬರೆದಿದ್ದೆಯಲ್ಲ. ಅಂಥವಳು ಯಾರೂ ಇರಲಿಲ್ಲ. ನಮ್ಮ ಮುತ್ತಜ್ಜಿ ಒಬ್ಬಳೇ ಮುತ್ತೈದೆ.”

“ಆದ್ರೆ ಅವಳ ಮಕ್ಕಳು ಮೊಮ್ಮಕ್ಕಳು ಎಂಬತ್ತಾರು ಜನ ಇದ್ದಾರೆ. ಚೊಕೊಯ್ ತಾತ ಅವಳ ಮಗ. ಚೊಕೊಯ್ ತಾತನ ಮೊಮ್ಮಗ ಅಸನಾಲಿ. ಅಗೋ, ಹೊರಗೆ ಹಾರ್ನ್ ಹೊಡೀತಿದಾನೆ.”

“ಹೊಡೀಲಿ. ಕಾಗದದಲ್ಲಿಲ್ಲ.”

“ಎಜೆ, ಹೋದ ವಾರ ತಾನೆ ಅವನ ಕಾರಲ್ಲಿ ಹಿಟ್ಟು ತರಿಸಿಕೊಂಡ್ರಿ.”

“ಹಿಟ್ಟು ತಂದವನಿಗೆಲ್ಲ ವಂಶದಲ್ಲಿ ಜಾಗ ಕೊಡೋಕಾಗತ್ತಾ?” ಎಂದು ಎಜೆ ಪೆನ್‌ಡ್ರೈವನ್ನು ಅವನ ಇನ್ನೊಂದು ಜೇಬಿಗೆ ಹಾಕಿ, ಕೈಗೊಂದು ಸಮೋಸ ಕೊಟ್ಟಳು. “ಇದನ್ನೇ ಓದು. ಆ ಎರಡನೆಯವಳ ಹೆಸರು ನನ್ನ ಕಿವಿಗೆ ಬಿದ್ರೆ ಗುಡಾರದ ನಡುವೇನೇ ಎದ್ದು ನಿಂತು ಅವಳ ಕತೆ ಪೂರ್ತಿ ಹೇಳ್ತೀನಿ. ಅರ್ಧಂಬರ್ಧ ಹೇಳಲ್ಲ.”

ಹೊರಗೆ ಬಂದಾಗ ಅಸನಾಲಿ ನಗುತ್ತ ಬಾಗಿಲು ತೆಗೆದ. “ಎಜೆ ಏನಂದ್ರು?”

“ನಿನ್ನ ವಿಷಯ ಏನೂ ಇಲ್ಲ,” ಎಂದ ತುರ್ದಕುನ. ಆ ದಿನ ಅವನು ಆಡಿದ ಮಾತುಗಳಲ್ಲಿ ಇದರಷ್ಟು ಸತ್ಯವಾದದ್ದು ಇನ್ನೊಂದಿರಲಿಲ್ಲ.

ಉಳಿದದ್ದು ಶಂಬೆತ್ ತಾತ. ಎಂಬತ್ತೊಂದರ ಹಿರಿಯರು, ಮೂವತ್ತು ವರ್ಷ ಊರಿನ ಅಧ್ಯಕ್ಷರಾಗಿದ್ದವರು, ಕೋಪ ಬಂದರೂ ದನಿ ಎತ್ತದವರು. ಅಂಥವರು ಫೈಲಿಗೆ ಕೈ ಹಾಕುವುದುಂಟೇ ಎಂಬ ಧೈರ್ಯದಲ್ಲಿ ತುರ್ದಕುನ ಅವರ ಅಂಗಳಕ್ಕೆ ಹೋದ. ಅಲ್ಲಿ ಆಗಲೇ ಗುಡಾರ ಎದ್ದಿತ್ತು, ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ತಾತ ಬಿಳಿ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತು, ಯಾವ ಕುರಿಯ ಯಾವ ಎಲುಬು ಎಲ್ಲಿಗೆ ಎಂದು ನೋಡಿಕೊಳ್ಳುತ್ತಿದ್ದರು.

“ನಾನು ಏನೂ ಸೇರಿಸಿಲ್ಲ, ಏನೂ ತೆಗೆದಿಲ್ಲ,” ಎಂದರು ತಾತ. “ಹಿರಿಯರ ಮಾತನ್ನ ತಿದ್ದೋದು ಪಾಪ.”

ತುರ್ದಕುನನಿಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು.

“ಒಂದು ಸಾಲು ಮಾತ್ರ,” ಎಂದು ತಾತ ಕನ್ನಡಕ ಒರೆಸಿಕೊಂಡರು. “ನಿನ್ನ ಮುತ್ತಾತನ ಹತ್ರ. ಮಗನ ಲ್ಯಾಪ್‌ಟಾಪಲ್ಲಿ ನಾನೇ ಕೂತು ಬರೆದೆ. ‘ಸಂತೆಯಿಂದ ಬರುವಾಗ ದಾರಿಯಲ್ಲಿ ಸಿಕ್ಕಿದ ಮಗು. ಕರುಣೆಯಿಂದ ಸಾಕಲಾಯಿತು.’”

“ಕಾಲ್ಚಾ ತಾತ ಹೀಗೆ ಹೇಳಿರಲಿಲ್ಲ,” ಎಂದ ತುರ್ದಕುನ.

“ಕಾಲ್ಚಾ ಮರ್ಯಾದಸ್ಥ. ನಿನ್ನೆದುರು ಹೇಳೋಕೆ ನಾಚ್ಕೊಂಡ.”

“ತಾತ, ಇದು ನಮ್ಮಪ್ಪನಿಗೂ ನಿಮಗೂ ಮೇಲಿನ ಹುಲ್ಲುಗಾವಲಿನ ಜಗಳ ಆಗಿತ್ತಲ್ಲ, ಅದಕ್ಕಾ?”

“ಹುಲ್ಲುಗಾವಲು ಯಾರು ನೆನಪಿಟ್ಟುಕೊಂಡಿರ್ತಾರೆ? ಉತ್ತರದ ದಿಬ್ಬದಿಂದ ತೊರೆವರೆಗೆ, ನಲವತ್ತೆರಡು ಕುರಿಯ ಮೇವು. ನಾನಂತೂ ಮರೆತುಬಿಟ್ಟೆ.”

“ಹಾಗಾದ್ರೆ ನಾನು ಈ ಕುಲದವನೇ ಅಲ್ವಾ?”

“ಅಲ್ಲ ಅಂತ ಯಾರಂದ್ರು? ಸಾಕಿದೀವಲ್ಲ,” ಎಂದು ತಾತ ಅವನ ಭುಜ ತಟ್ಟಿದರು. “ಅದಕ್ಕೇ ನಿನ್ನ ಕೈಲಿ ಬರೆಸಿದ್ದು. ಹೊರಗಿನವನಾದ್ರೆ ಪಕ್ಷಪಾತ ಇರಲ್ಲ. ತಗೋ, ನನ್ನ ನಕಲು. ಸರಿಯಾಗಿ ಒಂದು ಗಂಟೆಗೆ ಇದನ್ನೇ ಓದು. ಸೊಂಟದೆಲುಬು ತೆಗೆದಿಟ್ಟಿರ್ತೀನಿ.”

ಮೂರು ಜೇಬಿನಲ್ಲಿ ಮೂರು ಪೆನ್‌ಡ್ರೈವು ಇಟ್ಟುಕೊಂಡು ತುರ್ದಕುನ ನದಿಯ ಪಕ್ಕದ ದಾರಿಯಲ್ಲಿ ಮನೆಗೆ ನಡೆದ. ಒಂದನ್ನು ಓದಿದರೆ ಶಂಬೆತ್ ತಾತನ ಅಪ್ಪ ಕಳ್ಳ. ಇನ್ನೊಂದನ್ನು ಓದಿದರೆ ಎಂಬತ್ತಾರು ಜನ ಊಟಕ್ಕೆ ಕೂತಲ್ಲೇ ಮಾಯ. ಮೂರನೆಯದನ್ನು ಓದಿದರೆ ಓದುವವನೇ ಬೀದಿಯ ಮಗು, ಮತ್ತು ಬೀದಿಯ ಮಗುವಿಗೆ ಮಾತ್ರ ಸೊಂಟದೆಲುಬು. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಅವನಿಗೆ ಪುಲಿಯೇ ಎರಡಿದ್ದವು. ಒಂದು ನಕಲು ಕಳೆದುಹೋಗಿದ್ದರೂ ಚಿಂತೆಯಿರಲಿಲ್ಲ, ಮೂರೂ ಭದ್ರವಾಗಿದ್ದದ್ದೇ ತೊಂದರೆಯಾಗಿತ್ತು. ಮೂರನ್ನೂ ಸೇರಿಸಿ ಮೊದಲಿನದನ್ನೇ ಮತ್ತೆ ಹೊಂದಿಸಿದರೆ ಮೂವರೂ ಒಟ್ಟಿಗೆ ಮುನಿಯುತ್ತಾರೆ. ಹೆಸರುಗಳು ಹೀಗೆ ಹಾಳಾದವಲ್ಲ ಎಂದು ಅವನಿಗೆ ನಿಜಕ್ಕೂ ದುಃಖವಾಯಿತು. ಕಾಲ್ಚಾ ತಾತ ಕೆಮ್ಮುತ್ತ ಕೆಮ್ಮುತ್ತ ಒಂದೊಂದೇ ಹೆಸರನ್ನು ಅವನ ಕೈಗೆ ಕೊಟ್ಟಿದ್ದರು.

ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತ. ಹೆಂಡತಿ ಅನಾರ್ಕುಲ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಹೆಚ್ಚು ಮಾತಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಶಾಲೆ ಮಕ್ಕಳ ನೋಟ್‌ಬುಕ್ಕುಗಳ ಕಟ್ಟು ಇತ್ತು. ಇಪ್ಪತ್ತಮೂರು ಪುಸ್ತಕ, ಮೇಲೆ ಕೆಂಪು ದಾರ.

“ರೀ, ಇದು ಆಗತ್ತಾ ನೋಡಿ. ನೀವು ದಿನಾ ಬರೆದದ್ದನ್ನ ಜೋರಾಗಿ ಓದ್ತಿದ್ರಲ್ಲ, ಆಗ ನಾನೂ ಬರ್ಕೊಂಡೆ.”

“ಆರು ವರ್ಷಾನೂ?”

“ಗಾಳಿ ಬಂದ್ರೆ ಕರೆಂಟ್ ಹೋಗತ್ತೆ, ಹಿಮ ಬಿದ್ರೆ ಕರೆಂಟ್ ಹೋಗತ್ತೆ. ಮನೆ ಹಿರಿಯರನ್ನೆಲ್ಲ ಒಂದು ಸ್ವಿಚ್ಚಿನ ಮೇಲೆ ಬಿಡೋಕಾಗತ್ತಾ?”

ತುರ್ದಕುನನ ಕಣ್ಣು ತುಂಬಿತು. ಊರೆಲ್ಲ ಸುತ್ತಿದ್ದೆ, ಬೆಣ್ಣೆ ಕೈಯಲ್ಲೇ ಇತ್ತು ಎಂದುಕೊಂಡು ಮೊದಲನೆಯ ಪುಸ್ತಕ ತೆರೆದ. ಒಂದು ಪುಟ ಓದಿದ. ಎರಡನೆಯದನ್ನು ಓದಿದ. ನಡುವಿನಿಂದ ಒಂದು ಪುಸ್ತಕ ಎಳೆದು ಅದನ್ನೂ ಓದಿದ.

“ಇದರಲ್ಲಿ ಹೆಸರೇ ಇಲ್ಲವಲ್ಲೇ.”

“ಹೆಸರು ಹೇಗಿರತ್ತೆ? ನಾನು ಈ ಮನೆ ಸೊಸೆ,” ಎಂದಳು ಅನಾರ್ಕುಲ್, ಇವನಿಗೇನಾಗಿದೆ ಎಂಬಂತೆ.

ಅದು ನಿಜ. ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಲ್ಲಿ ತರುವಂತಿಲ್ಲ. ಬೇರೆ ಏನಾದರೂ ಹೇಳಿ ಸೂಚಿಸಬೇಕು. ಈಗಿನ ಹುಡುಗಿಯರು ಅಷ್ಟೊಂದು ಪಾಲಿಸುವುದಿಲ್ಲ. ಆದರೆ ಅನಾರ್ಕುಲ್‌ಗೆ ಅತ್ತೆ ಮೊದಲ ದಿನವೇ ಹೇಳಿಕೊಟ್ಟಿದ್ದಳು, ಅವಳು ಹದಿನಾಲ್ಕು ತಲೆಮಾರಿಗೂ ಅನ್ವಯಿಸಿದ್ದಳು.

“ಬಾಯಲ್ಲಿ ಹೇಳಬಾರದು, ಸರಿ. ಕೈಯಲ್ಲಿ ಬರೆಯೋಕೇನಾಗಿತ್ತು?”

“ಬರೆದದ್ದನ್ನ ಓದಿದ್ರೆ ಹೇಳಿದ ಹಾಗೇ ಆಯ್ತಲ್ಲ.”

“ಸತ್ತು ಮುನ್ನೂರು ವರ್ಷ ಆದವರು ಕಣೇ.”

“ಸತ್ರೆ ಮಾವ ಅಲ್ಲದೆ ಹೋಗ್ತಾರಾ?”

ತುರ್ದಕುನ ಒಂದು ಸಾಲಿಗೆ ಬೆರಳಿಟ್ಟ. “‘ಬಿಳಿ ಕುದುರೆಯವರು’ ಅಂತ ಬರೆದಿದೀಯ. ಇದು ಯಾರು? ಹೇಳಬೇಡ, ನಾನು ಹೆಸರು ಹೇಳ್ತಾ ಹೋಗ್ತೀನಿ, ನೀನು ತಲೆ ಆಡಿಸು.”

“ತಲೆ ಆಡಿಸಿದ್ರೂ ಹೇಳಿದ ಹಾಗೇ.”

“ಬಿಳಿ ಕುದುರೆ ಇಟ್ಟಿದ್ದವರು ಹದಿಮೂರು ಜನ ಇದ್ರು.”

“ಅದಕ್ಕೆ ನಾನೇನು ಮಾಡ್ಲಿ? ನಿಮ್ಮ ಕಡೆಯವರು ಬೇರೆ ಬಣ್ಣದ್ದು ತಗೋಬೇಕಿತ್ತು.”

ಗಡಿಯಾರ ಹನ್ನೆರಡೂ ಮುಕ್ಕಾಲು ತೋರಿಸುತ್ತಿತ್ತು. ಬೇರೆ ದಾರಿಯಿರಲಿಲ್ಲ. ಇಪ್ಪತ್ತಮೂರು ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಗಲ್ಲಿಗೇರುವವನ ಮುಖ ಮಾಡಿಕೊಂಡು ತುರ್ದಕುನ ಹೊರಟ. ಹಿಂದೆ ಅನಾರ್ಕುಲ್ ತಲೆಗೆ ರೇಷ್ಮೆ ಚೌಕ ಕಟ್ಟಿಕೊಂಡು ಬಂದಳು.

ಗುಡಾರ ತುಂಬಿತ್ತು. ಹಿರಿಯರು ಬಾಗಿಲಿನ ಎದುರಿನ ಮೇಲಿನ ಜಾಗದಲ್ಲಿ, ಸೊಸೆಯರು ಬಾಗಿಲ ಬಳಿ. ಅಸನಾಲಿ ದೂರದಿಂದಲೇ ಜೇಬು ತಟ್ಟಿ ಸನ್ನೆ ಮಾಡಿದ. ಜೂರಕಾನ್ ಎಜೆ ಕಣ್ಣು ಹೊಡೆದಳು. ಶಂಬೆತ್ ತಾತ ಗಂಭೀರವಾಗಿ ತಲೆದೂಗಿದರು. ತುರ್ದಕುನ ಮೊದಲ ಪುಸ್ತಕ ತೆರೆದು, ದೇವರ ಮೇಲೆ ಭಾರ ಹಾಕಿ ಓದತೊಡಗಿದ.

“ಮೊದಲಿಗೆ ಗುಡ್ಡದ ಆಚೆಯಿಂದ ಬಂದವರು. ಅವರ ಮಕ್ಕಳು ಮೂವರು: ದೊಡ್ಡವರು, ನಡುವಿನವರು, ಹಟ ಮಾಡಿದವರು.”

ಅಸನಾಲಿ ಹುಬ್ಬು ಗಂಟಿಕ್ಕಿದ. ತುರ್ದಕುನ ತಲೆ ಎತ್ತದೆ ಮುಂದೆ ಓದಿದ. ಹಿಮದಲ್ಲಿ ಸಿಕ್ಕಿದ ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ತಂದವರು. ಊರಿಗೆ ನೀರು ತಂದವರು. ಒಂದೇ ಏಟಿಗೆ ಇಬ್ಬರನ್ನು ಬೀಳಿಸಿದವರು.

“ಒಂದೇ ಏಟಿಗೆ ಇಬ್ಬರು,” ಎಂದು ಶಂಬೆತ್ ತಾತ ಗಡ್ಡ ನೀವಿಕೊಂಡರು. “ಅದು ನಮ್ಮ ಮನೆಯವರೇ. ನಾವು ಹೇಳ್ಕೊಳ್ಳೋದಿಲ್ಲ ಅಷ್ಟೆ.” ಅದೇ ಹೊತ್ತಿಗೆ ಅಸನಾಲಿ ಪಕ್ಕದವನ ಕಿವಿಯಲ್ಲಿ, “ನಮ್ಮ ತಾತನ ಅಣ್ಣ,” ಎಂದ. ಎದುರು ಮೂಲೆಯಲ್ಲಿ ಇನ್ನಿಬ್ಬರು ಅದೇ ಏಟನ್ನು ತಮ್ಮ ತಮ್ಮ ಮನೆಗೆ ಹಂಚಿಕೊಂಡರು.

“ಪರರ ಕುದುರೆಯನ್ನು ತಮ್ಮದೆಂದು ತಿಳಿದವರು,” ಎಂದು ತುರ್ದಕುನ ದನಿ ತಗ್ಗಿಸಿ ಓದಿದ. ತಗ್ಗಿಸುವ ಅಗತ್ಯವಿರಲಿಲ್ಲ. ಗುಡಾರದಲ್ಲಿದ್ದ ಪ್ರತಿಯೊಬ್ಬರೂ ಬೇರೆ ಯಾರನ್ನೋ ಕನಿಕರದಿಂದ ನೋಡಿದರು. ಅಸನಾಲಿ ಶಂಬೆತ್ ತಾತನನ್ನು ನೋಡಿದ, ತಾತ ಅಸನಾಲಿಯನ್ನು ನೋಡಿದರು, ಇಬ್ಬರೂ ಒಬ್ಬರಿಗೊಬ್ಬರು ಕುಮಿಸ್ ಎಂಬ ಹುಳಿ ಕುದುರೆಹಾಲಿನ ಬಟ್ಟಲು ಮುಂದೆ ಸರಿಸಿದರು.

“ತಡವಾಗಿ ಬಂದರೂ ಒಲೆ ಆರಗೊಡದವರು,” ಎಂದು ಎರಡನೇ ಹೆಂಡತಿಯ ಸಾಲು ಬಂತು. ಅಸನಾಲಿ ಕಣ್ಣೊರೆಸಿಕೊಂಡ. ಜೂರಕಾನ್ ಎಜೆ ಅದು ಯಾರೋ ಅಡುಗೆಯವಳೆಂದು ತಿಳಿದು, “ಪಾಪ, ಇಂಥವರನ್ನ ನೆನೀಬೇಕು,” ಎಂದಳು.

ತುರ್ದಕುನನ ಬೆನ್ನು ನೆಟ್ಟಗಾಯಿತು. ದನಿ ಬಂತು. ಹನ್ನೆರಡನೆಯ ಪುಸ್ತಕದ ಹೊತ್ತಿಗೆ ಅವನು ಕೈ ಎತ್ತಿ, ಇಳಿಸಿ, ಸಾಕ್ಷಾತ್ ಕಾಲ್ಚಾ ತಾತನ ಹಾಗೆ ಓದುತ್ತಿದ್ದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಲ್ಲರಿಗೂ ಅವರವರ ಹಿರಿಯರು ಸಿಕ್ಕಿದ್ದರು, ಅದೂ ಅವರು ಬಯಸಿದ್ದಕ್ಕಿಂತ ದೊಡ್ಡವರಾಗಿ. ಇಪ್ಪತ್ತೆರಡನೆಯ ಪುಸ್ತಕ ಮುಗಿದಾಗ ಶಂಬೆತ್ ತಾತ ಕಣ್ಣು ಮುಚ್ಚಿ ಕೂತಿದ್ದರು.

ಆಗ ತುರ್ದಕುನನಿಗೆ ಬೆಳಗಿನ ಮೂರು ನಕಲುಗಳೂ ನೆನಪಾದವು. ಊಟ ಮುಗಿದು ಎದ್ದರೆ ಮೂವರೂ ಇದಕ್ಕೂ ಕೈ ಹಾಕುತ್ತಾರೆ. ಅವನು ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟ.

“ಹಿರಿಯರಲ್ಲಿ ಒಂದು ಬೇಡಿಕೆ. ಇದರಲ್ಲಿ ಒಂದಕ್ಷರ ಸೇರಿಸಬಾರದು, ತೆಗೀಬಾರದು, ಇದ್ದದ್ದು ಇದ್ದ ಹಾಗೇ ಅಚ್ಚಾಗಬೇಕು ಅಂತ ಅಪ್ಪಣೆ ಆಗಲಿ. ನನ್ನನ್ನೂ ಸೇರಿಸಿಯೇ ಹೇಳ್ತಿದೀನಿ.”

“ಒಳ್ಳೇ ಮಾತು,” ಎಂದರು ತಾತ. “ಇದನ್ನ ತಿದ್ದಿದವನು ನಮ್ಮ ಕುಲದವನಲ್ಲ.” ಎರಡೂ ಅಂಗೈ ಎತ್ತಿ ಹರಸಿದರು. ಗುಡಾರದಲ್ಲಿದ್ದ ನೂರು ಜನವೂ ಅಂಗೈಗಳಿಂದ ಮುಖ ಸವರಿಕೊಂಡರು. ಹಾಗೆ ಸವರಿಕೊಂಡ ಮೇಲೆ ಮುಗಿಯಿತು, ಆ ಮಾತನ್ನು ಹಿಂತೆಗೆಯುವವರು ಯಾರೂ ಇಲ್ಲ.

ತುರ್ದಕುನ ನೆಮ್ಮದಿಯಿಂದ ಕೊನೆಯ ಪುಸ್ತಕ ತೆರೆದ. ಇದು ಅವನ ಸ್ವಂತ ಮನೆಯ ಭಾಗ. ದನಿಗೆ ಇನ್ನಷ್ಟು ಠೀವಿ ಬಂತು. “ಒಬ್ಬರೇ ಕಣಿವೆ ದಾಟಿದವರು. ಅವರ ಮಗ, ಮಾತಾಡದೆ ಮನೆ ಕಟ್ಟಿದವರು.” ಅದು ಅವನ ಅಪ್ಪ. ಅನಾರ್ಕುಲ್ ಚೆನ್ನಾಗಿ ಬರೆದಿದ್ದಾಳೆ ಎಂದು ಹೆಮ್ಮೆಯಾಯಿತು. ಅದೇ ಉತ್ಸಾಹದಲ್ಲಿ ಕೈ ಮೇಲೆತ್ತಿ, ಗುಡಾರದ ತುದಿಗೆ ಮುಟ್ಟುವಂತೆ ಮುಂದಿನ ಸಾಲು ಓದಿದ.

“ಅವರ ಮಗ, ಕರೆದರೆ ‘ಬಂದೆ’ ಎಂದು ಬಾರದವರು.”

ಎತ್ತಿದ ಕೈ ಅಲ್ಲೇ ನಿಂತಿತು. ಹೆಂಡತಿಯಾದವಳು ಗಂಡನ ಹೆಸರನ್ನೂ ಹೇಳುವಂತಿಲ್ಲ ಎಂಬುದು ಇಡೀ ದಿನದ ಗಡಿಬಿಡಿಯಲ್ಲಿ ಅವನಿಗೆ ಹೊಳೆದಿರಲೇ ಇಲ್ಲ.

ಮೊದಲು ಬಾಗಿಲ ಬಳಿಯ ಸೊಸೆಯರು ನಕ್ಕರು. ಚೌಕದ ತುದಿಯನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಆಮೇಲೆ ಜೂರಕಾನ್ ಎಜೆ, ಆಮೇಲೆ ಅಸನಾಲಿ. ತುರ್ದಕುನ ಕನಿಕರದಿಂದ ಬೇರೆ ಯಾರನ್ನಾದರೂ ನೋಡಲು ಯತ್ನಿಸಿದ. ಪ್ರಯೋಜನವಾಗಲಿಲ್ಲ. ನೂರು ಜನವೂ ಅವನನ್ನೇ ನೋಡುತ್ತಿದ್ದರು. ಬಿಳಿ ಕುದುರೆಯವರು ಹದಿಮೂರು ಜನರಿದ್ದರು, ಒಂದೇ ಏಟಿಗೆ ನಾಲ್ಕು ಮನೆಯವರು ಹಕ್ಕುದಾರರಿದ್ದರು. ಇದನ್ನು ಮಾತ್ರ ಯಾರೂ ತಮ್ಮದೆನ್ನಲಿಲ್ಲ.

“ಇದು ಯಾರೂಂತ ಕೇಳೋ ಹಾಗೇ ಇಲ್ಲ,” ಎಂದರು ಶಂಬೆತ್ ತಾತ, ಕಣ್ಣೀರು ಒರೆಸಿಕೊಳ್ಳುತ್ತ.

“ತಾತ, ಇದೊಂದು ಸಾಲು,” ಎಂದು ತುರ್ದಕುನ ತೊದಲಿದ.

“ಒಂದಕ್ಷರ ತಿದ್ದೋ ಹಾಗಿಲ್ಲ. ನೀನೇ ಕೇಳ್ಕೊಂಡೆ, ನಾವು ಮುಖ ಸವರ್ಕೊಂಡಾಯ್ತು.” ತಾತ ಹಂಡೆಯ ಕಡೆಗೆ ತಿರುಗಿದರು. “ಸೊಂಟದೆಲುಬು ಓದುವವನಿಗೆ ಅಂದಿದ್ದೆ. ಆದ್ರೆ ಓದೋದು ಏನು ಮಹಾ, ಕಣ್ಣಿದ್ದವರೆಲ್ಲ ಓದ್ತಾರೆ. ಇದನ್ನ ಬರೆದದ್ದು ಯಾರು?”

ಎಲ್ಲರ ಮುಖವೂ ಬಾಗಿಲ ಬಳಿಗೆ ಹೊರಳಿತು. ಅನಾರ್ಕುಲ್ ತಲೆ ತಗ್ಗಿಸಿದಳು. ಸೊಂಟದೆಲುಬು ದೊಡ್ಡ ತಟ್ಟೆಯಲ್ಲಿ ಹೊಗೆಯಾಡುತ್ತ, ಹಿರಿಯರ ಸಾಲು ದಾಟಿ, ತುರ್ದಕುನನ ಮೂಗಿನ ಮುಂದಿನಿಂದ ಹಾದು ಬಾಗಿಲ ಕಡೆಗೆ ಹೋಯಿತು. ಅವನ ಪಾಲಿಗೆ ಮುಂಗಾಲಿನ ಎಲುಬು ಬಂದು ಖಾಲಿ ಜಾಗದ ಮುಂದೆ ಕೂತಿತು. ಎಲ್ಲರೂ ಕೈ ತೊಳೆದು ಊಟಕ್ಕೆ ಬಾಗಿದರು.

ತುರ್ದಕುನ ಮಾತ್ರ ಗುಡಾರದ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತು, ಇಪ್ಪತ್ತಮೂರನೆಯ ಪುಸ್ತಕದ ಆ ಪುಟ ಸದ್ದಿಲ್ಲದೆ ಹರಿದು ಬರುತ್ತದೆಯೇ ಎಂದು ಉಗುರಿನಲ್ಲಿ ನೋಡುತ್ತಿದ್ದ. ಅನಾರ್ಕುಲ್ ಗಟ್ಟಿ ಕೈಯವಳು, ಮಡಿಕೆಗೆಲ್ಲ ದಾರ ಹಾಕಿ ಹೊಲಿದಿದ್ದಳು.

“ರೀ,” ಎಂದು ಅವಳೇ ಬಾಗಿಲ ಬಳಿಯಿಂದ ಕರೆದಳು. “ಬನ್ನಿ, ಮಾಂಸ ಆರಿಹೋಗತ್ತೆ.”

“ಬಂದೆ,” ಎಂದ ತುರ್ದಕುನ, ಪುಸ್ತಕದಿಂದ ಕಣ್ಣು ತೆಗೆಯದೆ.